ಸತ್ತೆವ್ವ ತಿಕ್ಕಿ ಸವೆಸಿದ ದೇವರು

ಸತ್ತೆವ್ವನ ಕೈಗೆ ಒಂದು ಪಾತ್ರೆ ಸಿಕ್ಕಿತೆಂದರೆ ಮುಗಿಯಿತು, ಹೊಳೆಯುವವರೆಗೂ ಅದಕ್ಕೆ ಬಿಡುಗಡೆಯಿಲ್ಲ. ಕುಳಗಿಯ ಅರಣ್ಯ ಶಿಬಿರದ ಅಡುಗೆಮನೆಯಲ್ಲಿ ಅವಳು ತೊಳೆದು ಬೋರಲು ಹಾಕಿದ ಪಾತೇಲಿಗಳನ್ನು ಕಂಡು, ಶಾಲೆಯ ಮಕ್ಕಳನ್ನು ಕರೆದುಕೊಂಡು ಬಂದಿದ್ದ ಮಾಸ್ತರರೊಬ್ಬರು "ಇವು ಹೊಸಾವೇನ್ರಿ?" ಎಂದು ಕೇಳಿದ್ದುಂಟು. ಅವಳ ಜೊತೆ ಅಲ್ಲೇ ರೊಟ್ಟಿ ಬಡಿಯುವ ಮಾರ್ಥಾ, ಸಾಂಬ್ರಾಣಿ ಎಂಬ ಊರಿನ ಕಡೆಯ ಸಿದ್ದಿ ಹೆಂಗಸು, ಬಿದ್ದು ಬಿದ್ದು ನಕ್ಕಳು. "ಹೊಸಾವ ಎಲ್ಲಿಂದ ಬರ್ತಾವ್ರಿ ಸರ? ನಮ್ಮ ಸತ್ತೆಕ್ಕನ ಕೈಯಾಗ ಸಿಕ್ಕಾವ. ಇನ್ನ ಸ್ವಲ್ಪ ದಿನಾ ಬಿಟ್ಟ ಬರ್ರಿ, ತಳಾನೂ ಇರಂಗಿಲ್ಲ" ಎಂದಳು. ಮಾರ್ಥಾ ಚೇಷ್ಟೆಗೆ ಆಡಿದ ಮಾತು ಅದು. ಆದರೆ ಸತ್ತೆವ್ವನ ಮುಖ ಯಾಕೋ ಸಣ್ಣದಾಯಿತು. ಕೈಯಲ್ಲಿದ್ದ ನಾರನ್ನು ಕೆಳಗಿಟ್ಟಳು.

ಅವಳಿಗಿದ್ದ ಸಂಕಟ ಪಾತ್ರೆಯದಲ್ಲ, ದೇವರದು.

ಧಾರವಾಡ ಜಿಲ್ಲೆಯ ಹಳ್ಳಿಯಿಂದ ಮದುವೆಯಾಗಿ ದಾಂಡೇಲಿಗೆ ಬಂದಾಗ ಅವಳಿಗೆ ಇನ್ನೂ ಸೀರೆಯ ನೆರಿಗೆ ನೆಟ್ಟಗೆ ಹಿಡಿಯಲು ಬರುತ್ತಿರಲಿಲ್ಲ. ಗಂಡ ಪರಸಪ್ಪ ಕಾಗದದ ಕಾರ್ಖಾನೆಯಲ್ಲಿ ಪಾಳಿ ಕೆಲಸದವನು. ಅತ್ತೆ ಕೆಂಚವ್ವ ಗಟ್ಟಿ ಹೆಂಗಸು. ಗಂಡ ತೀರಿದ ಮೇಲೆ ಭಾವಮೈದುನರ ಜೊತೆ ಜಗಳವಾಡಿ, "ಇನ್ನ ಈ ಊರ ನೀರ ಕುಡದ್ರ ಕೇಳ್ರಿ" ಎಂದು ಮಣ್ಣು ತೂರಿ, ಸಣ್ಣ ಮಗನನ್ನು ಬಗಲಲ್ಲಿ ಎತ್ತಿಕೊಂಡು ಬಂದು, ಕೂಲಿನಾಲಿ ಮಾಡಿ ಅವನನ್ನು ಬೆಳೆಸಿದವಳು. ಊರಿನಿಂದ ಅವಳು ತಂದದ್ದು ಒಂದೇ ಒಂದು ಸಾಮಾನು. ಅಂಗೈಯಲ್ಲಿ ಹಿಡಿಯುವಷ್ಟು ಬೆಳ್ಳಿ ತಗಡಿನ ದೇವರು. ಬೆಳ್ಳಿಯ ಹಾಳೆಯಲ್ಲಿ ಉಬ್ಬಾಗಿ ಎಬ್ಬಿಸಿದ ಮೂರ್ತಿ, ಬೆನ್ನಿಗೆ ತಾಮ್ರದ ತಗಡು. ಆ ಕಡೆಯವರ ದೇವರ ಜಗಲಿಯ ಮೇಲೆಲ್ಲ ಇಂಥದ್ದೊಂದು ಇದ್ದೇ ಇರುತ್ತದೆ. ಸೊಸೆ ಬಂದ ಮೊದಲ ಅಮಾವಾಸ್ಯೆಗೆ ಕೆಂಚವ್ವ ಅದನ್ನು ಅವಳ ಕೈಗಿಟ್ಟು, "ಇಕಾ, ಮನಿದೇವ್ರು. ಹುಣಸಿಹಣ್ಣ ಹಚ್ಚಿ ತಿಕ್ಕು. ಕಪ್ಪಾಗಾಕ ಬಿಟ್ಟಿ ಅಂದ್ರ ನೋಡ ಮತ್ತ!" ಎಂದಳು.

ಯಾವ ದೇವರು ಎಂದು ಸತ್ತೆವ್ವ ಕೇಳಲಿಲ್ಲ. ಆಗಲೇ ಆ ಮೂರ್ತಿ ಹಿಂದಿನ ಹೆಂಗಸರ ಕೈಯಲ್ಲಿ ಅರ್ಧ ಸವೆದಿತ್ತು. ಕಣ್ಣಿಲ್ಲ, ಮೂಗು ಇದೆಯೋ ಇಲ್ಲವೋ ಎಂಬಂತೆ ಇತ್ತು. ಕೇಳಿದರೆ ಅತ್ತೆ 'ಮನಿದೇವ್ರ ಗೊತ್ತಿಲ್ಲದಾಕಿನ್ನ ತಂದ್ಕೊಂಡೇವಿ' ಎಂದು ಓಣಿಗೆಲ್ಲ ಸಾರುತ್ತಾಳೆಂಬ ಹೆದರಿಕೆ. ಇವತ್ತು ಕೇಳೋಣ, ನಾಳೆ ಕೇಳೋಣ ಎನ್ನುತ್ತಲೇ ವರ್ಷಗಳು ಹೋದವು. ಮಗ ದುಂಡೇಶನ ಜವಳ ಬಂದಾಗಲಾದರೂ ತಿಳಿಯುತ್ತದೆ ಎಂದುಕೊಂಡರೆ, ಹಟಮಾರಿ ಕೆಂಚವ್ವ ಊರ ಕಡೆ ಕಾಲಿಡಲಾರೆನೆಂದು ಮನೆಯಲ್ಲೇ ದೇವರ ಮುಂದೆ ಮೊಮ್ಮಗನ ತಲೆ ಬೋಳಿಸಿ, ಕೂದಲನ್ನು ಕಾಳಿ ನದಿಗೆ ಬಿಟ್ಟು ಬಂದಳು. ಆಮೇಲೆ ಒಂದು ಮಳೆಗಾಲ ಅವಳೂ ತೀರಿಕೊಂಡಳು. ಪರಸಪ್ಪನಿಗೆ ಗೊತ್ತಿರಬೇಕೆಂದು ಸತ್ತೆವ್ವ ತಿಳಿದಿದ್ದಳು. ಸತ್ತೆವ್ವನಿಗೆ ಅವ್ವ ಹೇಳಿರಬೇಕೆಂದು ಪರಸಪ್ಪ ತಿಳಿದಿದ್ದ. ಒಂದೇ ಜಗಲಿಗೆ ಇಬ್ಬರೂ ಜೀವಮಾನವಿಡೀ ಕೈ ಮುಗಿದರು. ಯಾರಿಗೆ ಮುಗಿಯುತ್ತಿದ್ದೇವೆಂದು ಇಬ್ಬರಿಗೂ ಗೊತ್ತಿರಲಿಲ್ಲ. ನಗುವವರು ನಗಲಿ, ಇಂಥ ಮನೆಗಳು ಬೇಕಾದಷ್ಟಿವೆ.

ತಿಕ್ಕುವುದನ್ನು ಮಾತ್ರ ಅವಳು ಒಂದು ವಾರವೂ ತಪ್ಪಿಸಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಹುಣಸೆಹಣ್ಣು ಕಿವುಚಿ, ಬಲಗೈ ಹೆಬ್ಬೆರಳಿನಿಂದ ಮೂರ್ತಿಯ ಮೇಲೆ ಗರಗರ ತಿಕ್ಕುವಾಗ ಅವಳಿಗೆ ಬೇರೆ ಲೋಕವೇ ಇರುತ್ತಿರಲಿಲ್ಲ. ಮನಸ್ಸಿನಲ್ಲಿದ್ದುದನ್ನೆಲ್ಲ ಆಗಲೇ ಹೇಳಿಕೊಳ್ಳುವುದು. ಪರಸಪ್ಪನ ಕುಡಿತ ಬಿಡಿಸು, ಮಗನಿಗೆ ಒಂದು ನೆಲೆ ತೋರಿಸು. ಪರಸಪ್ಪ ಕುಡಿತ ಬಿಟ್ಟ. ದುಂಡೇಶ ಜೋಯಿಡಾದ ರಿಸಾರ್ಟೊಂದರಲ್ಲಿ ಜೀಪು ಓಡಿಸುವ ಕೆಲಸ ಹಿಡಿದ. ಸೊಸೆ ಸ್ವಪ್ನಾ ಬಂದಳು, ಹೆಣ್ಣು ಕೂಸು ಹುಟ್ಟಿತು. ಹುಟ್ಟಿದ ಕೆಲವೇ ದಿನಕ್ಕೆ ಕೂಸಿಗೆ ಜ್ವರ ಬಂದು ಆಸ್ಪತ್ರೆಯ ಗಾಜಿನ ಪೆಟ್ಟಿಗೆ ಸೇರಿದಾಗ ಸತ್ತೆವ್ವ ಜಗಲಿಯ ಮುಂದೆ ಬಿದ್ದುಕೊಂಡು, "ಕೂಸಿನ ಉಳಸಪಾ. ಈ ಸಲ ಮನ್ಯಾಗ ಅಲ್ಲ, ನಿನ್ನ ಗುಡಿಗೇ ಬಂದು ಜವಳ ಕೊಡ್ತೇನಿ" ಎಂದು ಹರಕೆ ಹೊತ್ತಳು. ಕೂಸು ಉಳಿಯಿತು. ಉಳಿದದ್ದಷ್ಟೇ ಅಲ್ಲ, ಅಂಗಳ ತುಂಬ ಅಂಬೆಗಾಲಿಟ್ಟು ಓಡಾಡಿ ಮನೆಯನ್ನೇ ತಲೆಕೆಳಗು ಮಾಡತೊಡಗಿತು.

ಆಗ ನೆನಪಾಯಿತು ನೋಡಿ ಸತ್ತೆವ್ವನಿಗೆ. ನಿನ್ನ ಗುಡಿಗೆ ಬರುತ್ತೇನೆ ಎಂದಿದ್ದಳಲ್ಲ, ಯಾರ ಗುಡಿಗೆ?

ಸ್ವಪ್ನಾಳ ತವರಿನವರು ಜವಳ ಯಾವಾಗ ಎಂದು ಫೋನು ಮಾಡಿ ಮಾಡಿ ಕೇಳುತ್ತಿದ್ದರು. ಕೂಸಿನ ಕೂದಲು ಕಣ್ಣಿಗೆ ಬಂದು, ಮೂಗಿಗೆ ಬಂದು, ಕಡೆಗೆ ತಾಯಿ ಅದನ್ನು ನೆತ್ತಿಯ ಮೇಲೆ ಜುಟ್ಟು ಕಟ್ಟಿದಳು. "ಅತ್ಯಾ, ನಮ್ಮ ಮನಿದೇವ್ರ ಯಾವ್ದು? ನಮ್ಮವ್ವ ಕೇಳಾಕತ್ತಾಳ" ಎಂದು ಅವಳು ಕೇಳಿದಾಗ ಸತ್ತೆವ್ವ, "ನಿಮ್ಮ ಮಾವನ್ನ ಕೇಳವಾ" ಎಂದಳು. ಪರಸಪ್ಪನನ್ನು ಕೇಳಿದರೆ, "ಅದನ್ನೆಲ್ಲಾ ಹೆಂಗಸರು ನೋಡ್ಕೋತಾರ, ನಿಮ್ಮತ್ತಿನ್ನ ಕೇಳು" ಎಂದ. ಸ್ವಪ್ನಾ ಜಾಣೆ. ಒಳಮನೆಗೂ ಹೊರಮನೆಗೂ ಸ್ವಲ್ಪ ಹೊತ್ತು ಓಡಾಡಿ, ನಡುವಿನ ಬಾಗಿಲಲ್ಲಿ ನಿಂತು, "ಅಂದ್ರ ಇಬ್ಬರಿಗೂ ಗೊತ್ತಿಲ್ಲ!" ಎಂದು ಹಣೆ ಚಚ್ಚಿಕೊಂಡಳು. ಪರಸಪ್ಪ ಕೆಮ್ಮಿದ. ಮರುವಾರ ದುಂಡೇಶ ಅಪ್ಪನನ್ನು ಕೂರಿಸಿಕೊಂಡು ಕೆಂಚವ್ವ ಬಿಟ್ಟುಬಂದ ಊರನ್ನು ಹುಡುಕಿಕೊಂಡು ಹೋದರೆ ಊರೇ ಇರಲಿಲ್ಲ. ಆಣೆಕಟ್ಟಿನ ಹಿನ್ನೀರಿಗೆ ಸಿಕ್ಕಿ ಯಾವ ಕಾಲವೋ ಆಗಿತ್ತು. ಅವಳ ಭಾವಮೈದುನರ ಪೈಕಿಯವರು ಎಲ್ಲೆಲ್ಲಿ ಹೋಗಿದ್ದರೋ ಹೇಳುವವರಿರಲಿಲ್ಲ. ತಂದೆ ಮಗ ನೀರು ನೋಡಿಕೊಂಡು ವಾಪಸು ಬಂದರು.

ಇದೇ ಹೊತ್ತಿಗೆ ದೇವರ ಮುಖವಿದ್ದ ಜಾಗದಲ್ಲಿ ಸಾಸಿವೆಯಷ್ಟು ಕಪ್ಪು ಚುಕ್ಕೆಯೊಂದು ಕಾಣಿಸಿಕೊಂಡಿತು. ಸತ್ತೆವ್ವ ತಿಕ್ಕಿದಳು. ಹೋಗಲಿಲ್ಲ. ಬೂದಿ ಹಾಕಿ ತಿಕ್ಕಿದಳು, ರಂಗೋಲಿ ಪುಡಿ ಹಾಕಿ ತಿಕ್ಕಿದಳು, ಸೊಸೆಯ ಮಾತು ಕೇಳಿ ಟೂತ್‌ಪೇಸ್ಟು ಹಚ್ಚಿಯೂ ತಿಕ್ಕಿದಳು. ತಿಕ್ಕಿದಷ್ಟೂ ಚುಕ್ಕೆ ದೊಡ್ಡದಾಗುತ್ತಾ ಹೋಗಿ ಜೋಳದ ಕಾಳಿನಷ್ಟಾಯಿತು. ಹರಕೆ ತೀರಿಸಲಿಲ್ಲವೆಂದು ದೇವರು ಕಪ್ಪಾಗುತ್ತಿದ್ದಾನೆ, ಇನ್ನು ಕೂಸಿಗೆ ಏನು ಕಾದಿದೆಯೋ ಎಂದು ಅವಳಿಗೆ ಊಟ ಸೇರದಾಯಿತು.

ಕುಳಗಿಯ ಅಡುಗೆಮನೆಯಲ್ಲಿ ಮಾರ್ಥಾಳ ಮುಂದೆ ಎಲ್ಲವನ್ನೂ ಹೇಳಿ ಅತ್ತಳು. "ನಮ್ಮತ್ತಿ ತಿಕ್ಕು ಅಂದ್ಲು ಅಂತ ನಾ ತಿಕ್ಕಿ ತಿಕ್ಕಿ ದೇವ್ರ ಮುಖಾನ ಅಳಿಸಿಬಿಟ್ಟೇನಲ್ಲ ಮಾರ್ಥಾ! ಯಾರರ ಮಾಡೂ ಕೆಲಸ ಏನ ಇದು?"

ಮಾರ್ಥಾ ಹಿಟ್ಟಿನ ಕೈಯನ್ನೇ ಅವಳ ಹೆಗಲ ಮೇಲಿಟ್ಟಳು. "ಸುಮ್ನಿರ ಸತ್ತೆಕ್ಕಾ. ನಮ್ಮ ಚರ್ಚಿನ್ಯಾಗ ಸಂತರ ಮೂರ್ತಿ ಐತಲ್ಲ, ಮಂದಿ ಪಾದ ಮುಟ್ಟಿ ಮುಟ್ಟಿ ಅದಕ್ಕ ಬೊಟ್ಟ ಉಳದಿಲ್ಲ. ಸಂತ ಏನರ ಸಿಟ್ಟ ಮಾಡ್ಯಾನೇನ?"

"ನಿಮ್ಮ ಸಂತಗ ಮುಖ ಐತಿ, ಹೆಸರ ಐತಿ. ನನ್ನ ದೇವ್ರಿಗೆ ಎರಡೂ ಇಲ್ಲ ನೋಡು."

ರೊಟ್ಟಿ ಹೊತ್ತುವ ವಾಸನೆ ಬಂದು ಮಾರ್ಥಾ ಎದ್ದು ಹೋದಳು. ಆದರೆ ಸಂಜೆ ಹೊರಡುವಾಗ, "ಹಳಿಯಾಳದಾಗ ಈರೇಶ ಪತ್ತಾರ ಅಂತ ಅದಾನ. ಬೆಳ್ಳಿ ದೇವ್ರ ಮಾಡಾವ. ಅವಗ ಒಮ್ಮೆ ತೋರಿಸಬಾರದ?" ಎಂದಳು. ಸತ್ತೆವ್ವನಿಗೆ ಅಷ್ಟು ಸಾಕಾಗಿತ್ತು.

ಸತ್ತೆವ್ವ, ಪರಸಪ್ಪ, ಸ್ವಪ್ನಾ ಮತ್ತು ಜುಟ್ಟಿನ ಕೂಸು ಬೆಳಗಿನ ಬಸ್ಸಿಗೆ ಹಳಿಯಾಳಕ್ಕೆ ಹೋದರು. ಈರೇಶನದು ಪೇಟೆಯ ಒಳಓಣಿಯಲ್ಲಿ ಕೋಣೆಯಷ್ಟೇ ಅಂಗಡಿ. ಅಜ್ಜನ ಕಾಲದಿಂದ ದೇವರ ಮುಖ ಬಡಿದ ಮನೆತನ. ಕೈ ಒಳ್ಳೆಯದು, ಬಾಯಿ ಅದಕ್ಕಿಂತ ಜೋರು. ಗೊತ್ತಿಲ್ಲ ಎಂಬ ಮಾತು ಅವನ ನಾಲಗೆಗೆ ಬಂದದ್ದನ್ನು ಯಾರೂ ಕೇಳಿಲ್ಲ. ಅವನು ತಗಡನ್ನು ಕಿಟಕಿಯ ಬೆಳಕಿಗೆ ಹಿಡಿದು ಆ ಕಡೆ ಈ ಕಡೆ ವಾಲಿಸಿ ನೋಡಿದ. ಕಾಣುತ್ತಿದ್ದದ್ದು ಒಂದು ದೊಡ್ಡ ಉಬ್ಬು, ಅದರ ಹಿಂದೆ ಒಂದು ಸಣ್ಣ ಉಬ್ಬು, ಕೆಳಗೆ ನಾಲ್ಕು ಗೀರು. ಮೇಲೆ ಆ ಕರಿ ಚುಕ್ಕೆ.

"ಯಪ್ಪಾ! ಇದನ್ನ ತಿಕ್ಕಿದವರ ಕೈಗೆ ದೊಡ್ಡ ನಮಸ್ಕಾರ" ಎಂದ. ಸತ್ತೆವ್ವ ನೆಲ ನೋಡಿದಳು. "ಇರಲಿ ಬಿಡ್ರಿ, ಹೊಸಾದ ಬಡದ ಕೊಡ್ತೇನಿ. ಯಾವ ದೇವ್ರು ಹೇಳ್ರಿ."

"ಅದನ್ನ ಕೇಳಾಕ ಬಂದೇವ್ರಿ" ಎಂದಳು ಸ್ವಪ್ನಾ.

ಈರೇಶನಿಗೆ ಇಂಥ ಗಿರಾಕಿ ಹಿಂದೆ ಸಿಕ್ಕಿರಲಿಲ್ಲ. ಅವನಿಗೆ ಹುರುಪೇ ಬಂತು. ಮೂಲೆಯ ಪೆಟ್ಟಿಗೆಯಿಂದ ಕಂಚಿನ ಅಚ್ಚುಗಳನ್ನು ಒಂದೊಂದಾಗಿ ತೆಗೆದು ಕೆಂಪು ಬಟ್ಟೆಯ ಮೇಲೆ ಸಾಲಾಗಿ ಜೋಡಿಸಿದ. ಸತ್ತೆವ್ವ ಬಗ್ಗಿ ನೋಡಿದಳು. ಅವಳಿಗೆ ಒಂದು ಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಅಲ್ಲಿ ದೇವರುಗಳೆಲ್ಲ ಒಳಮುಖವಾಗಿದ್ದರು. ಮೂಗಿರಬೇಕಾದಲ್ಲಿ ಕುಳಿ, ಕೆನ್ನೆ ಇರಬೇಕಾದಲ್ಲಿ ತಗ್ಗು, ಬಲಗೈ ಎಡಕ್ಕೆ, ಎಡಗೈ ಬಲಕ್ಕೆ. ದೇವರು ಎದ್ದು ಹೋದ ಮೇಲೆ ಉಳಿದ ಜಾಗ ಇದ್ದಂತೆ ಇತ್ತು. ಈರೇಶ ಒಂದು ಅಚ್ಚಿಗೆ ಮೆತ್ತನೆಯ ಮೇಣ ಒತ್ತಿ ಎಬ್ಬಿಸಿದ. ಎಬ್ಬಿಸಿದ್ದೇ ತಡ, ದುರ್ಗವ್ವ ಸಿಂಹದ ಮೇಲೆ ಕೂತು ಅವನ ಅಂಗೈಯಿಂದ ಎದ್ದು ಬಂದಳು. ಸತ್ತೆವ್ವ ತನಗೇ ಗೊತ್ತಿಲ್ಲದಂತೆ ಕೈ ಮುಗಿದಳು.

"ಎಂಟ ಕೈ ಯಾಕಂತೀರಿ? ಎಂಟ ದಿಕ್ಕಿಗೂ ಆಕಿ ಕೈ ಮುಟ್ಟತೈತಿ ಅಂತ" ಎಂದು ಈರೇಶ ಶುರು ಮಾಡಿದ. "ನೋಡ್ರಿ, ಏಳ ಕೈಯಾಗ ಆಯುಧ. ಒಂದ ಕೈ ಮಾತ್ರ ಖಾಲಿ, ಹಿಂಗ ಎತ್ತಿ ಹಿಡದಾಳ. ಆ ಏಳೂ ಕೈ ಈ ಒಂದ ಕೈ ಸಲುವಾಗಿ. ಅಂಜಬ್ಯಾಡ ಅನ್ನಾಕ."

ಇನ್ನೊಂದು ಅಚ್ಚಿಗೆ ಮೇಣ ಒತ್ತಿದ. ಬರೀ ಮುಖ ಬಂತು, ದೊಡ್ಡ ಕಣ್ಣು, ಹಣೆಯ ತುಂಬ ಭಂಡಾರದ ಅರಿಶಿನ ಹಚ್ಚುವ ಜಾಗ. "ಎಲ್ಲವ್ವ. ಇಕಿಗೆ ಮೈ ಇಲ್ಲ. ಬುಟ್ಟ್ಯಾಗ ಇಟ್ಟ ತಲಿ ಮ್ಯಾಲ ಹೊರ್ತಾರಲ್ರೀ, ಹೊತ್ತಾಕಿ ಮೈನ ಇಕಿ ಮೈ. ಆಕಿ ಕಾಲೇ ಇಕಿ ಕಾಲು."

ಕೂಸು ಕೂಡ ಸದ್ದಿಲ್ಲದೆ ನೋಡುತ್ತಿತ್ತು. ದಿನಾ ಜಗಲಿಯ ಮೇಲೆ, ಕ್ಯಾಲೆಂಡರಿನ ಮೇಲೆ, ಬಸ್ಸಿನ ಗಾಜಿನ ಮೇಲೆ ನೋಡಿದ ದೇವರುಗಳೇ ಇವರು. ಹೂ ಏರಿಸಿ ಊದುಬತ್ತಿ ಹಚ್ಚಿ ಮುಂದಿನ ಕೆಲಸಕ್ಕೆ ಹೋಗುವುದಷ್ಟೇ ಸತ್ತೆವ್ವನಿಗೆ ಗೊತ್ತಿತ್ತು. ಕೈ ಯಾಕೆ ಎತ್ತಿದ್ದಾಳೆ, ಮೈ ಯಾಕಿಲ್ಲ ಎಂದು ಒಂದು ದಿನವೂ ಅವಳು ಕೇಳಿಕೊಂಡಿರಲಿಲ್ಲ. ಅಯ್ಯ ದೇವರೇ, ಇವರೆಲ್ಲ ಇಷ್ಟು ದಿನ ಏನೋ ಹೇಳುತ್ತಲೇ ಇದ್ದರಲ್ಲ, ನಾನು ಬರೀ ಧೂಳು ಒರೆಸಿದೆನಲ್ಲ ಎಂದುಕೊಂಡಳು.

ಈರೇಶ ಸವೆದ ತಗಡಿಗೆ ಮರಳಿದ. "ಕೆಳಗ ನಾಲ್ಕ ಗೀರ ಅವ ಅಂದ್ರ ನಾಲ್ಕ ಕಾಲು. ಸಿಂಹ. ದುರ್ಗವ್ವನ ಇದು, ಬರಕೊಡ್ತೇನಿ."

"ಹೌದ್ರಿ, ದುರ್ಗವ್ವನ. ನಂಗ ಮೊದಲಿಂದ್ಲೂ ಅನಸತಿತ್ತು" ಎಂದ ಪರಸಪ್ಪ.

"ಹಿಂದ ಸಣ್ಣ ಉಬ್ಬ ಐತಲ್ರಿ, ಅದ ಯಾರ ಹಂಗಾರ?" ಎಂದು ಸತ್ತೆವ್ವ ಕೇಳಿದಳು.

ಈರೇಶ ಮತ್ತೆ ನೋಡಿದ. ಗಡ್ಡ ತುರಿಸಿಕೊಂಡ. "ಹಾಂ, ತಡೀರಿ. ಇದು ವೀರಭದ್ರ. ಬಾಜೂಕ ಟಗರ ತಲಿ ದಕ್ಷ ಕೈ ಮುಗದ ನಿಂತಾನ. ಕೊಂದವನ ಮಗ್ಗಲಾಗ ಸತ್ತವಗೂ ಜಾಗ ಕೊಟ್ಟಾರ ನೋಡ್ರಿ, ಅದನ್ನ ತಿಳಕೋಬೇಕು."

"ವೀರಭದ್ರನ! ನಮ್ಮವ್ವ ಹಂಗ ಏನೋ ಅಂತಿದ್ಲು" ಎಂದ ಪರಸಪ್ಪ.

"ಏನ್ರೀ, ನೀವ ಸ್ವಲ್ಪ ಸುಮ್ಮಕಿರ್ರಿ" ಎಂದು ಸತ್ತೆವ್ವ ಗದರಿಕೊಂಡಳು. ಅವಳಿಗೆ ಸಿಟ್ಟೂ ಬಂದಿತ್ತು, ಅಳುವೂ ಬಂದಿತ್ತು. "ಪತ್ತಾರ್ರ, ನಾ ಈ ಕೂಸಿನ ಜೀವಾ ಬೇಡ್ಕೊಂಡೇನಿ. ಅವ ಕೊಟ್ಟಾನ. ಕೊಟ್ಟವನ್ನ ಬಿಟ್ಟು ಬ್ಯಾರೇದವರ ಬಾಗಲಕ್ಕ ಹೋಗಿ ಕೂದಲಾ ಕೊಟ್ಟ ಬರ್ಲೇನ್ರಿ? ಇರಬಹುದು ಅಂದ್ರ ಆಗಂಗಿಲ್ರಿ. ಇವನ ಅನ್ನಬೇಕ ನೀವು."

ಈರೇಶ ತಗಡನ್ನು ತಿರುವಿ ಬೆನ್ನಿನ ತಾಮ್ರವನ್ನು ಬೆರಳಿನಿಂದ ತಡವಿದ. ಆಮೇಲೆ ದನಿ ತಗ್ಗಿಸಿ, "ಒಂದ ದಾರಿ ಐತಿ ಯವ್ವಾ. ಬೆನ್ನಿನ ತಗಡ ತಗದ ಒಳಗ ನೋಡಬೇಕು. ಆದ್ರ ಬೆಳ್ಳಿ ಈರುಳ್ಳಿ ಸಿಪ್ಪಿ ಆಗೇತಿ. ಹರದರ ಹರದ ಹೋತು. ಈಗ ಇಷ್ಟರ ಐತಿ, ಆಮ್ಯಾಗ ಇದೂ ಇರಂಗಿಲ್ಲ. ನನ್ನ ಮ್ಯಾಲ ಬರಬ್ಯಾಡ್ರಿ" ಎಂದ.

ಪರಸಪ್ಪ ಬೇಡವೆಂದ. ಇದ್ದದ್ದು ಇರಲಿ, ಮನೆಯಲ್ಲೇ ಜವಳ ಮಾಡೋಣ, ಅವ್ವ ಮಾಡಿರಲಿಲ್ಲವೇ ಎಂದ. ಸ್ವಪ್ನಾ ಅತ್ತೆಯ ಮುಖ ನೋಡಿದಳು. ಸತ್ತೆವ್ವ ತಗಡನ್ನು ಈರೇಶನ ಕೈಯಿಂದ ತೆಗೆದುಕೊಂಡು ಹಣೆಗೆ ಒತ್ತಿಕೊಂಡಳು. ಮುಖವನ್ನಂತೂ ಅಳಿಸಿದ್ದಾಯಿತು, ಈಗ ಮೈಯನ್ನೂ ಹರಿಯಲಿಕ್ಕೆ ಕೊಡುತ್ತಿದ್ದೇನೆ, ತಪ್ಪಾದರೆ ನನ್ನ ಮೇಲೆ ಬರಲಿ, ಕೂಸಿನ ಮೇಲೆ ಬೇಡ ಎಂದು ಮನಸ್ಸಿನಲ್ಲೇ ಬೇಡಿಕೊಂಡು ವಾಪಸು ಕೊಟ್ಟಳು.

"ತಗೀರಿ" ಎಂದಳು.

ಈರೇಶ ಅಂಚಿನಲ್ಲಿ ಮಡಚಿದ್ದ ಬೆಳ್ಳಿಯನ್ನು ಸಣ್ಣ ಉಳಿಯಿಂದ ಕೂದಲೆಳೆಯಷ್ಟು ಕೂದಲೆಳೆಯಷ್ಟು ಎಬ್ಬಿಸಿದ. ತಾಮ್ರದ ತಗಡು ಬಿಚ್ಚಿತು. ಒಳಗೆಲ್ಲ ಕಪ್ಪು. "ಅರಗು" ಎಂದ ಈರೇಶ. "ಬೆಳ್ಳಿ ಒಳಗ ಟೊಳ್ಳ ಇದ್ರ ನೆಗ್ಗತೈತಿ ಅಂತ ಅರಗ ಕಾಸಿ ತುಂಬಿರ್ತಾರ." ಬೆಳ್ಳಿಯನ್ನು ಬಟ್ಟೆಯ ಮೇಲೆ ಬೋರಲು ಹಿಡಿದು, ಕಟ್ಟಿಗೆಯ ಸುತ್ತಿಗೆಯಿಂದ ಅಂಚಿಗೆ ಮೆಲ್ಲಗೆ ತಟ್ಟಿದ. ಬೆಳ್ಳಿ ಪರ್ರೆಂದು ಒಂದು ಕಡೆ ಹರಿಯಿತು. ಸತ್ತೆವ್ವ ಕಣ್ಣು ಮುಚ್ಚಿಕೊಂಡಳು. ಹಳೆಯ ಒಣ ಅರಗು ಇಡಿಯಾಗಿ ಕಳಚಿ ಕೆಂಪು ಬಟ್ಟೆಯ ಮೇಲೆ ಬಿತ್ತು.

ಅದು ಬಿದ್ದ ಸದ್ದಿಗೆ ಸತ್ತೆವ್ವ ಕಣ್ಣು ತೆರೆದಳು.

ದೇವರು ಅಲ್ಲಿದ್ದ. ಕಪ್ಪಗೆ, ಮಿರಮಿರ ಮಿಂಚುತ್ತ, ನಿನ್ನೆ ಕಡೆದಂತೆ ಇದ್ದ. ಯಾವ ಕಾಲದಲ್ಲೋ ಯಾವ ಪತ್ತಾರನೋ ಕಾಸಿ ಸುರಿದ ಅರಗು ಬೆಳ್ಳಿಯ ಒಳಮೈಯನ್ನು ಹಾಗೆಯೇ ಹಿಡಿದುಕೊಂಡಿತ್ತು. ಹೊರಗೆ ಕೆಂಚವ್ವ ತಿಕ್ಕಿದ್ದಳು, ಕೆಂಚವ್ವನ ಅತ್ತೆ ತಿಕ್ಕಿದ್ದಳು, ಸತ್ತೆವ್ವ ತಿಕ್ಕಿದ್ದಳು. ಒಳಗಿದ್ದವನಿಗೆ ಯಾರ ಕೈಯೂ ಮುಟ್ಟಿರಲಿಲ್ಲ. ಕಾಲೆತ್ತಿದ ಕುದುರೆ, ಅದರ ಕೊರಳಿನ ಗೆಜ್ಜೆ ಕೂಡ ಎಣಿಸುವಷ್ಟು ಸ್ಪಷ್ಟ. ಕುದುರೆಯ ಮೇಲೆ ಮೀಸೆಯ ದೇವರು, ಬಲಗೈಯಲ್ಲಿ ಎತ್ತಿದ ಕತ್ತಿ, ಎಡಗೈಯಲ್ಲಿ ಲಗಾಮು. ಅವನ ಬೆನ್ನಿಗೆ ಅಂಟಿಕೊಂಡು ಅದೇ ಕುದುರೆಯ ಮೇಲೆ ಒಬ್ಬ ಹೆಣ್ಣುಮಗಳು. ಕುದುರೆಯ ಕಾಲ ಸಂದಿಯಲ್ಲಿ ಮುಖ ಮೇಲೆತ್ತಿದ ನಾಯಿ.

"ಮೈಲಾರಲಿಂಗ" ಎಂದ ಈರೇಶ. ತಾನು ಹೇಳಿದ ದುರ್ಗವ್ವನೂ ವೀರಭದ್ರನೂ ಎಲ್ಲಿ ಹೋದರೋ, ಅವನಿಗೇ ನಾಚಿಕೆಯಾದಂತಿತ್ತು. "ಹಿಂದ ಮಾಳವ್ವ, ಆತನ ಹೇಣ್ತಿ. ನಾ ಎರಡ ಸಲ ತಪ್ಪ ಹೇಳಿದ್ನಿ ಯವ್ವಾ."

ಪರಸಪ್ಪ ಬಗ್ಗಿ ಬಗ್ಗಿ ನೋಡುತ್ತಿದ್ದವನು ಇದ್ದಕ್ಕಿದ್ದಂತೆ ನೆಲದ ಮೇಲೆ ಕೂತ. ಅವನ ಗಂಟಲಿನಿಂದ ಹೆಂಡತಿಯೂ ಎಂದೂ ಕೇಳದ, ಮೈಲಾರನ ಜಾತ್ರೆಯ ಕೂಗು ಬಂತು. "ಏಳುಕೋಟಿ... ಏಳುಕೋಟಿಗೋ..." ಎಂದ. ಎಂದವನೇ ಗಳಗಳ ಅತ್ತುಬಿಟ್ಟ. "ನಮ್ಮಪ್ಪನ ಹೆಗಲ ಮ್ಯಾಲ ಕುಂತಿದ್ನಿ. ಕಣ್ಣಾಗ ಬರೇ ಭಂಡಾರದ ಹಳದಿ, ಹಳದಿ. ಮಂದಿ ನಾಯಿ ಹಂಗ ಬೊಗಳತಿದ್ರು. ನಾ ಅಂಜಿ ಅಪ್ಪನ ಕೂದಲಾ ಹಿಡಕೊಂಡಿದ್ನಿ. ಕನಸ ಅಂತ ತಿಳಕೊಂಡಿದ್ನಿ ನೋಡು, ಇಷ್ಟ ದಿನಾ ಕನಸ ಅಂತ ತಿಳಕೊಂಡಿದ್ನಿ..." ಅಪ್ಪನ ಮುಖ ನೆನಪಿಲ್ಲವೆಂದು ಹೇಳುತ್ತಿದ್ದ ಮನುಷ್ಯ. ಸತ್ತೆವ್ವ ಅವನ ತಲೆಯ ಮೇಲೆ ಕೈಯಿಟ್ಟಳು. ಸ್ವಪ್ನಾ ಕೂಸನ್ನು ಅಪ್ಪಿಕೊಂಡು ಕಣ್ಣೊರೆಸಿಕೊಂಡಳು.

"ನಾಯಿ ಯಾಕ ಐತ್ರಿ?" ಎಂದು ಸ್ವಲ್ಪ ಹೊತ್ತಿನ ಮೇಲೆ ಸ್ವಪ್ನಾ ಕೇಳಿದಳು.

"ಅದ ನಾವು" ಎಂದ ಈರೇಶ. ಈ ಸಲ ಅವನ ಮಾತಿನಲ್ಲಿ ಜೋರಿರಲಿಲ್ಲ. "ಕುದುರಿ ಅಂದ್ರ ಮನಸು, ಎತ್ತ ಬೇಕಾದತ್ತ ಓಡತೈತಿ. ಲಗಾಮ ಅವನ ಕೈಯಾಗ. ನಾಯಿ ಅಂದ್ರ ಭಕ್ತರು. ಮಾರಿ ಮ್ಯಾಲಕ್ಕ ಎತ್ತಿ ಕುದುರಿ ಜೋಡಿ ಓಡೂದ ಅಷ್ಟ ಅದರ ಕೆಲಸ.  ಅದಕ್ಕ ಅಲ್ಲಿ ಮಂದಿ ಬೊಗಳತಾರ, ನಾನೂ ನಿನ್ನ ಜೋಡಿ ಅದೇನಿ ಅಂತ."

ಸತ್ತೆವ್ವ ಹರಿದ ಬೆಳ್ಳಿಯನ್ನು ಎತ್ತಿಕೊಂಡು ಅರಗಿನ ದೇವರ ಮೇಲೆ ಮೆಲ್ಲಗೆ ಹೊಂದಿಸಿದಳು. ಚುಕ್ಕೆಯಿದ್ದಲ್ಲಿ ಈಗ ಬರೀ ತೂತು, ಅದು ಸರಿಯಾಗಿ ಮೈಲಾರನ ಹಣೆಯ ಮೇಲೆ ಬಂತು. ಕರಿ ಚುಕ್ಕೆ ಎಂದು ಅವಳು ಬೂದಿ ಹಾಕಿ, ರಂಗೋಲಿ ಹಾಕಿ, ಹಲ್ಲು ಕಚ್ಚಿ ತಿಕ್ಕಿದ್ದಳಲ್ಲ, ಅದು ಕೊಳೆಯಾಗಿರಲಿಲ್ಲ, ಅವನ ಹಣೆ. ಬೆಳ್ಳಿ ಸವೆದಲ್ಲಿ ಅವನು ಹೊರಗೆ ಇಣುಕತೊಡಗಿದ್ದ. ಸಿಟ್ಟಿನಿಂದ ಕಪ್ಪಾದನೆಂದು ತಾನು ಹೆದರಿದ್ದು ಅವನನ್ನು ಕಂಡೇ! ಇಡೀ ಜನ್ಮದಲ್ಲಿ ಇಷ್ಟು ದೊಡ್ಡದನ್ನು ಅವಳು ನೋಡಿರಲಿಲ್ಲ. ಮನುಷ್ಯರ ಕೈಗೆ ಸಿಗಲಾರದ್ದೊಂದು ತನ್ನ ಹೆಬ್ಬೆರಳ ಕೆಳಗೆ, ಈರುಳ್ಳಿ ಸಿಪ್ಪೆಯಷ್ಟು ಬೆಳ್ಳಿಯ ಆಚೆ, ವಾರವಾರವೂ ಇತ್ತು. ಅವಳು ಅದಕ್ಕೆ ಗಂಡನ ಕುಡಿತದ ದೂರು ಹೇಳಿದ್ದಳು.

"ಮುಖ ಅಳಿಸಿಲ್ಲ ನಾನು" ಎಂದಳು ಕಡೆಗೆ. ಯಾರಿಗೆ ಹೇಳಿದಳೋ, ಎಲ್ಲರಿಗೂ ಕೇಳಿಸಿತು.

ಆಮೇಲೆ ಮಾತೆಲ್ಲ ಕೆಲಸದ ಮಾತಾಯಿತು. ಜವಳಕ್ಕೆ ಅವನ ಗುಡಿಯಿರುವ ಮೈಲಾರಕ್ಕೇ ಹೋಗುವುದೆಂದು ಅಲ್ಲೇ ತೀರ್ಮಾನವಾಯಿತು. ಪರಸಪ್ಪ ಮೂಗು ಸೀಟಿಕೊಂಡು, ಜೀಪು ತರಲು ದುಂಡೇಶನಿಗೆ ಈಗಲೇ ಫೋನು ಮಾಡೆಂದು ಸೊಸೆಗೆ ಅವಸರ ಹಚ್ಚಿದ. ಹಳೆಯ ಬೆಳ್ಳಿಯನ್ನು ಹೊಸದರಲ್ಲಿ ಕರಗಿಸಿ ಸೇರಿಸುವುದು ಪದ್ಧತಿ, ಅದೇ ಅರಗನ್ನು ಕಾಸಿ ಮತ್ತೆ ಒಳಗೆ ತುಂಬುತ್ತೇನೆ ಎಂದ ಈರೇಶ. "ಕಾಸಿದ್ರ ಇವ ಕರಗಿ ಹೋಗ್ತಾನಲ್ರೀ" ಎಂದು ಸತ್ತೆವ್ವ ಗಾಬರಿಯಾದಳು. "ಕರಗತಾನ, ಮತ್ತ ಹೊಸಾ ಬೆಳ್ಳಿ ಒಳಗ ಹೋಗಿ ಇದ ರೂಪ ಹಿಡೀತಾನ. ಮೈಲಾರನ ಅಚ್ಚ ನನ್ನ ಹತ್ರ ಐತಿ, ಕುದುರಿ, ನಾಯಿ, ಮಾಳವ್ವ, ಎಲ್ಲಾ ಹಿಂಗ ಅದಾವ" ಎಂದು ಅವನು ಧೈರ್ಯ ಹೇಳಿದ. ಅವಳು ಇನ್ನೊಮ್ಮೆ ಕಣ್ತುಂಬ ನೋಡಿ, ಕೂಸಿನ ಕೈಯನ್ನು ತಂದು ದೇವರ ಮುಂದೆ ಜೋಡಿಸಿ, ಆಯಿತೆಂದು ತಲೆಯಾಡಿಸಿದಳು.

ಈರೇಶ ಬೆಳ್ಳಿಯ ಹಾಳೆಗಳನ್ನು ತಂದು ಮುಂದಿಟ್ಟ. ಅವುಗಳಲ್ಲಿ ದಪ್ಪದ್ದನ್ನು ಆರಿಸಿ ಬೆರಳಿನಿಂದ ಚಿಮ್ಮಿದ. ಠಣ್ ಎಂದಿತು. "ಈ ಸಲ ಇದನ್ನ ಹಾಕ್ತೇನ್ರಿ. ನಿಮ್ಮ ಮೊಮ್ಮಕ್ಕಳ ಮೊಮ್ಮಕ್ಕಳ ತಿಕ್ಕಿದ್ರೂ ಮೀಸಿ ಎಳಿ ಅಳಿಯಂಗಿಲ್ಲ."

"ಹೌದ್ರಿ, ದಪ್ಪಂದ ಹಾಕ್ರಿ. ಇನ್ನ ನಾ ತಿಕ್ಕಾಕಿ, ನಂಗೂ ಅಂಜಿಕಿ ಇರಂಗಿಲ್ಲ" ಎಂದಳು ಸ್ವಪ್ನಾ.

ಸತ್ತೆವ್ವ ಆ ಹಾಳೆಯನ್ನು ಮುಟ್ಟಿ ನೋಡಿದಳು. ಗಟ್ಟಿ ಬೆಳ್ಳಿ. ಆಮೇಲೆ ಕೆಂಪು ಬಟ್ಟೆಯ ಮೇಲಿದ್ದ ಕಪ್ಪು ದೇವರನ್ನು ನೋಡಿದಳು, ಸೊಸೆಯ ಎಳೆಯ ಕೈ ನೋಡಿದಳು.

"ಬ್ಯಾಡ್ರಿ ಪತ್ತಾರ್ರ, ತೆಳ್ಳಂದ ಹಾಕ್ರಿ" ಎಂದಳು. "ದಪ್ಪ ಹಾಕಿದ್ರ ಇಕಿ ಸಾಯೂತನಾ ತಿಕ್ಕಿದ್ರೂ ಬರೇ ಬೆಳ್ಳಿ ಕಾಣತೈತಿ. ನಾ ಇವತ್ತ ನೋಡಿದ್ದು ಇಕಿ ಯಾವಾಗ ನೋಡಬೇಕ್ರಿ?"

ಈರೇಶ ಅವಳ ಮುಖವನ್ನೊಮ್ಮೆ ನೋಡಿದ. ದಪ್ಪ ಹಾಳೆಯನ್ನು ಸುತ್ತಿ ಒಳಗಿಟ್ಟು, ತೆಳ್ಳನೆಯದನ್ನು ತೆಗೆದು ಅಳತೆ ಹಿಡಿದ.